ಕನ್ನಿ ಮೂಲೆಯ ಪೆಟ್ಟಿಗೆ

ತ್ರಿಪ್ಲಿಕೇನಿನ ಆ ಮನೆಯಿಂದ ಫೋನ್ ಬಂದಾಗ ನಾನು ಎಣ್ಣೂರಿನ ನನ್ನ ಶೆಡ್ಡಿನಲ್ಲಿ ಪ್ಲೈವುಡ್ ಉಜ್ಜುತ್ತಿದ್ದೆ. ಮನೆಯ ಸೊಸೆ ಮಾತಾಡಿದರು. ಅವರು ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಮೈಸೂರಿನ ಕಡೆಯವರು, ಯಾವತ್ತೂ ದನಿ ಏರಿಸುವವರಲ್ಲ.

"ಅಣ್ಣಾ, ಪೆಟ್ಟಿಗೆ ಬರೀ ಗುಂಯ್ ಅಂತಿದೆ. ಮಾವ ಅದನ್ನ ಹಾಕಲೇಬೇಡ ಅಂತಿದಾರೆ. ಒಂದು ಸಲ ಬಂದು ನೋಡ್ತೀರಾ?"

ನಾನು ಮಾಡಿಕೊಟ್ಟ ಸಬ್‌ವೂಫರ್, ಅಂದರೆ ದಪ್ಪ ನಾದದ ಸ್ಪೀಕರ್ ಪೆಟ್ಟಿಗೆ, ಯಾವ ಮನೆಯಿಂದಲೂ ಹಿಂದಕ್ಕೆ ಬಂದದ್ದಿಲ್ಲ. ಇದನ್ನು ನಾನು ಜಂಬದಿಂದಲೇ ಹೇಳುತ್ತಿದ್ದೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಹೇಳಿಕೊಳ್ಳಲು ಬೇರೆ ಏನಿರುತ್ತದೆ? ಹಲಗೆ ಕೊಯ್ಯುವುದು, ಅಂಟು ಹಾಕಿ ಬಿಗಿಯುವುದು, ಗಾಳಿ ಹೊರಡುವ ಕೊಳವೆಯ ಉದ್ದ ಲೆಕ್ಕ ಹಾಕುವುದು, ಎಲ್ಲ ನನ್ನ ಕೈಯಲ್ಲೇ ಆಗಬೇಕು. ಹಾಗಾಗಿ ಆ ಫೋನು ಕೇಳಿ ನನಗೆ ಮೊದಲು ಬಂದದ್ದು ಸಿಟ್ಟು. ಯಾರೋ ಗುಂಡಿ ತಿರುಗಿಸಿ ಕೆಡಿಸಿರಬೇಕು ಅಂದುಕೊಂಡೆ.

ಅದು ಹಳೆಯ ಮನೆ. ಮರದ ತೊಲೆಯ ಮದ್ರಾಸ್ ಟೆರೇಸು, ಕೆಂಪು ನೆಲ, ಸುಣ್ಣದ ದಪ್ಪ ಗೋಡೆ. ಅಜ್ಜನ ಕಾಲದಲ್ಲೇ ಬಂದು ನೆಲೆಸಿದ ಕನ್ನಡದ ಮನೆತನ. ಯಜಮಾನರು ರೈಲ್ವೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಗುಮಾಸ್ತಿಕೆ ಅವರಿಗೆ ಹೊಟ್ಟೆಪಾಡು ಮಾತ್ರ. ಹಗಲು ಆಫೀಸು, ಸಂಜೆ ಯಾವುದಾದರೂ ಸಭೆಯಲ್ಲಿ ಮೃದಂಗ, ಹೀಗೆ ಅವರ ಆಯುಷ್ಯ ಕಳೆದಿತ್ತು. ಈಗ ಕಿವಿ ಮಂದವಾಗಿತ್ತು. ಕೀರಲು ಸ್ವರಗಳು ಮೊದಲು ಹೋದವು. ಪಿಟೀಲು ಹೋಯಿತು, ಮಕ್ಕಳ ಮಾತು ಹೋಯಿತು, ಸೊಸೆಯ ಮೆಲುದನಿ ಹೋಯಿತು. ಕಿವಿಗೆ ಹಾಕುವ ಮಿಷನ್ನು ಸಂಗೀತಕ್ಕೆ ಕೂತರೆ ಕೀಂಯ್ ಅನ್ನುತ್ತದೆಂದು ಅದನ್ನು ತೆಗೆದಿಟ್ಟುಬಿಡುತ್ತಿದ್ದರು. ಉಳಿದದ್ದು ಕೆಳಗಿನ ಸ್ವರ ಒಂದೇ. ಮೃದಂಗದ ಎಡಗಡೆ, ಅವರ ಬಾಯಲ್ಲಿ ತೊಪ್ಪಿ, ಇನ್ನೂ ಕೇಳಿಸುತ್ತದೆಂದು ಹೇಳುತ್ತಿದ್ದರು. ಮನೆಯಲ್ಲಿದ್ದ ಸಣ್ಣ ಸ್ಪೀಕರುಗಳಲ್ಲಿ ಆ ಎಡಗಡೆಯೇ ಇರಲಿಲ್ಲ. ಅದಕ್ಕಾಗಿ ಸೊಸೆ ನನ್ನನ್ನು ಹುಡುಕಿಕೊಂಡು ಬಂದಿದ್ದರು.

ಪೆಟ್ಟಿಗೆಯನ್ನು ಎಲ್ಲಿಡಬೇಕೆಂದು ಅವರು ಕೇಳಿದಾಗ ನಾನು ಯೋಚಿಸಲೇ ಇಲ್ಲ. ನಾನು ಯಾವ ಮನೆಗೆ ಹೋದರೂ ಸಬ್ಬನ್ನು ಇಡುವುದು ಕನ್ನಿ ಮೂಲೆಯಲ್ಲಿ, ಅಂದರೆ ನೈಋತ್ಯದಲ್ಲಿ. ಭಾರದ ಸಾಮಾನು ಅಲ್ಲೇ ಇರಬೇಕೆಂದು ಈ ಊರಿನಲ್ಲಿ ಎಲ್ಲರೂ ನಂಬುತ್ತಾರೆ, ನಾನೂ ನಂಬುತ್ತೇನೆ. ಮನೆಯವರು ಸಂತೋಷಪಡುತ್ತಾರೆ, ಚರ್ಚೆ ಇರುವುದಿಲ್ಲ, ವಯರೂ ಮೂಲೆಯಲ್ಲಿ ಮರೆಯಾಗುತ್ತದೆ. ಇಲ್ಲೂ ಹಾಗೆಯೇ ಇಟ್ಟು, ಮೇಲೆ ಕುಂಕುಮ ಹಚ್ಚಿ, ಕರ್ಪೂರ ತೋರಿಸಿ ಬಂದಿದ್ದೆ.

ಆ ದಿನ ಹೋದಾಗ ಹಿರಿಯರು ತಮ್ಮ ಆರಾಮಕುರ್ಚಿಯಲ್ಲಿದ್ದರು. ಕುರ್ಚಿ ಗೋಡೆಗೆ ಒತ್ತಿಕೊಂಡಿತ್ತು. ನನ್ನನ್ನು ನೋಡಿ ನಕ್ಕರು.

"ಬಾ ಪಾ. ಇವಳು ಸುಮ್ನೆ ನಿನ್ನ ಅಲೆಸ್ತಾಳೆ. ಪೆಟ್ಟಿಗೆ ಚೆನ್ನಾಗೇ ಇದೆ."

"ಚೆನ್ನಾಗಿದ್ರೆ ಯಾಕೆ ಸ್ವಾಮಿ ಹಾಕಬೇಡ ಅಂದಿದ್ದು?"

"ನಿನ್ನ ಗಂಟಲು ನಂಗೆ ಕೇಳತ್ತಪ್ಪಾ. ಇವಳದು ಸ್ವಲ್ಪಾನೂ ಕೇಳಲ್ಲ. ನೀನೇ ಇಲ್ಲಿ ಇದ್ದುಬಿಡು, ಇವಳು ಹೇಳಿದ್ದನ್ನೆಲ್ಲ ತಿರುಗಿ ನಂಗೆ ಹೇಳು."

ನನ್ನ ಗಂಟಲು ದಪ್ಪ. ಮನೆಯಲ್ಲಿ ಹೆಂಡತಿ ಲಾರಿ ಅನ್ನುತ್ತಾಳೆ. ಹಿರಿಯರು ಮಾತು ತೇಲಿಸಿದರು, ನಾನೂ ನಕ್ಕು ಬಿಟ್ಟೆ. ಆ ಮಾತನ್ನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವರೇ ಒಂದು ಕಛೇರಿಯಲ್ಲಿ ಬಾರಿಸಿದ ಹಳೆಯ ಕ್ಯಾಸೆಟ್ಟನ್ನು ಯಾರೋ ಫೋನಿಗೆ ಹಾಕಿಕೊಟ್ಟಿದ್ದರು. ಅದನ್ನು ಹಾಕಿಸಿದೆ. ಹಾಡು ಬಂತು, ಮೃದಂಗದ ಬಲಗಡೆ ಚಟಪಟ ಬಂತು, ಎಡಗಡೆ ಬಂದಾಗ ಮಾತ್ರ ಕೋಣೆಯೆಲ್ಲ ಗುಂಯ್ ಅಂದಿತು. ಒಂದು ಪೆಟ್ಟು ಮುಗಿಯುವ ಮುಂಚೆ ಇನ್ನೊಂದು ಬಂದು ಅದರ ಮೇಲೆ ಬೀಳುತ್ತಿತ್ತು. ಗೂಡಿನಲ್ಲಿದ್ದ ಪಂಚಪಾತ್ರೆಯೊಳಗೆ ಉದ್ಧರಣೆ ಗಿಲಗಿಲ ಅನ್ನುತ್ತಿತ್ತು.

ಮೊದಲು ಸದ್ದು ಇಳಿಸಿದೆ. ಗುಂಯ್ ಹೋಯಿತು, ಜೊತೆಗೆ ತೊಪ್ಪಿಯೂ ಹೋಯಿತು. ಆಮೇಲೆ ಸಣ್ಣ ಸ್ಪೀಕರು ಮತ್ತು ಸಬ್ಬು ಎಲ್ಲಿ ಕೈ ಬದಲಿಸಬೇಕೆಂದು ಹೇಳುವ ಕ್ರಾಸ್‌ಓವರ್ ಗುಂಡಿಯನ್ನು ಕೆಳಗೆ ತಂದೆ. ಎರಡೂ ಒಂದೇ ಸ್ವರವನ್ನು ಬಾರಿಸುತ್ತಿದ್ದರೆ ಊದಿಕೊಳ್ಳುತ್ತದೆ. ಅದು ಸ್ವಲ್ಪ ಇಳಿಯಿತು. ಎರಡರ ಪೆಟ್ಟೂ ಒಟ್ಟಿಗೆ ಬೀಳುವಂತೆ ಹೊಂದಿಸುವ, ಹಿಂದಿನ ಫೇಸ್ ಸ್ವಿಚ್ಚನ್ನು ಆ ಕಡೆ ಈ ಕಡೆ ಹಾಕಿ ನೋಡಿದೆ. ಪ್ರತಿ ಸಲವೂ ಹಿರಿಯರ ಮುಖ ನೋಡಿದೆ. ಅವರು ಕಣ್ಣು ಮುಚ್ಚಿ ಕೇಳಿ, ತಲೆ ಅಲ್ಲಾಡಿಸಿ, ಕೊನೆಗೆ ಕೈ ಎತ್ತಿದರು.

"ನೋಡಪ್ಪಾ, ತೊಪ್ಪಿ ಅಂದ್ರೆ ಬಹಳ ಮಾತಾಡತ್ತೆ. ಒತ್ತಿದ್ರೆ ಒಂದು, ಬಿಟ್ರೆ ಒಂದು, ಮಣಿಕಟ್ಟು ಜಾರಿಸಿದ್ರೆ ಒಂದು. ರವೆ ಹಸಿ ಇದ್ದಾಗ ಒಂದು, ಒಣಗ್ತಾ ಬಂದ್ರೆ ಇನ್ನೊಂದು. ಇಲ್ಲಿ ನಂಗೆ ಎಲ್ಲಾ ಒಂದೇ ಅಕ್ಷರ ಕೇಳ್ತಿದೆ."

ರವೆ ಎಂದದ್ದು ನನಗೆ ಅರ್ಥವಾಗಲಿಲ್ಲ. ಕೇಳಿದೆ. ಮೃದಂಗದ ಎಡ ಮುಖದ ನಡುವೆ ರವೆಯನ್ನು ನೀರಲ್ಲಿ ನಾದಿ ಅಂಟಿಸಿದರೇನೇ ಆ ದಪ್ಪ ನಾದ ಬರುವುದಂತೆ. ಕಛೇರಿ ನಡೆಯುತ್ತ ನಡೆಯುತ್ತ ಅದು ಒಣಗಿ ನಾದ ಏರುತ್ತದೆ, ಬಾರಿಸುವವನು ನಡುವೆ ಒಂದು ಹನಿ ನೀರು ಮುಟ್ಟಿಸಬೇಕು. ಮುಗಿದ ಮೇಲೆ ಕೆರೆದು ತೆಗೆದುಬಿಡಬೇಕು.

"ನಮ್ಮಾವ್ರು ಸೊಂಟಕ್ಕೆ ಸಣ್ಣ ಡಬ್ಬೀಲಿ ರವೆ ಕಟ್ಕೊಂಡೇ ಆಫೀಸಿಗೆ ಹೋಗ್ತಿದ್ರಂತೆ" ಎಂದರು ಸೊಸೆ. ಹಿರಿಯರಿಗೆ ಕೇಳಿಸಲಿಲ್ಲ.

ಪೆಟ್ಟಿಗೆಯದೇ ತಪ್ಪಿರಬೇಕೆಂದು ಆಟೋದಲ್ಲಿ ಹೇರಿಕೊಂಡು ಶೆಡ್ಡಿಗೆ ತಂದೆ. ಪ್ಯಾರೀಸ್ ಕಾರ್ನರಿನಲ್ಲಿ ಇಳಿದು, ದಿಂಬಿಗೆ ತುಂಬುವ ಬೂರುಗದ ಹತ್ತಿಯನ್ನು ಒಂದು ಚೀಲ ಕೊಂಡೆ. ಪೆಟ್ಟಿಗೆ ಬಿಚ್ಚಿ ಒಳಗೋಡೆಗೆಲ್ಲ ಹತ್ತಿ ಹಾಸಿ, ಹಲಗೆ ನಡುಗದಂತೆ ಒಳಗೆ ಅಡ್ಡಪಟ್ಟಿ ಹೊಡೆದು ಅಂಟು ಹಾಕಿದೆ. ಕೊಳವೆಯ ಬಾಯಿಗೆ ಸ್ಪಂಜು ತುರುಕಿದೆ. ಅಂಟು ಒಣಗಿದ ಮೇಲೆ ನನ್ನ ಫೋನಿನಲ್ಲಿದ್ದ ಬೇರೊಂದು ಮೃದಂಗದ ಕಛೇರಿ ಹಾಕಿದರೆ, ಅಬ್ಬಾ, ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಬಂದು ನಿಂತಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆ ಭಾನುವಾರ ಪೆಟ್ಟಿಗೆಯನ್ನು ಮತ್ತೆ ಅದೇ ಮೂಲೆಯಲ್ಲಿ ಇಟ್ಟು ಹಾಡು ಹಾಕಿದೆ. ಗುಂಯ್.

ಹಿರಿಯರು ಸ್ವಲ್ಪ ಹೊತ್ತು ಕೇಳಿ, ಬಹಳ ಮರ್ಯಾದೆಯಿಂದ, "ಪರವಾಗಿಲ್ಲಪ್ಪಾ. ನಿಲ್ಲಿಸಿಬಿಡು. ನೀನು ಶ್ರಮಪಟ್ಟಿದ್ದೀಯ" ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ ಕೂತರು.

ಸೊಸೆ ನನ್ನನ್ನು ಬಾಗಿಲ ತನಕ ಕಳಿಸಲು ಬಂದರು. ಮೆಟ್ಟಿಲ ಹತ್ತಿರ ನಿಂತು ಹೇಳಿದರು:

"ಮಾವಂಗೆ ಒಬ್ಬ ಶಿಷ್ಯ ಇದಾನೆ, ಕೊಯಮತ್ತೂರಲ್ಲಿ. ಮುಂದಿನ ಭಾನುವಾರ ಬಂದು ಮೃದಂಗ ತಗೊಂಡು ಹೋಗು ಅಂತ ಹೇಳಿಬಿಟ್ಟಿದಾರೆ."

"ಯಾಕೆ?"

"ತೊಪ್ಪಿಯೂ ಹೋಯ್ತು, ಇನ್ನು ನಂಗೆ ಕೇಳೋದು ಏನೂ ಇಲ್ಲ, ಕಿವುಡನ ಮನೇಲಿ ಅದು ಯಾಕೆ ಕೂತಿರಬೇಕು ಅಂದ್ರು. ಅವತ್ತಿಂದ ಸರಿಯಾಗಿ ಊಟಾನೂ ಮಾಡ್ತಿಲ್ಲ." ಒಳಗೊಮ್ಮೆ ತಿರುಗಿ ನೋಡಿ ಕೇಳಿದರು: "ಅಣ್ಣಾ, ನಿಜ ಹೇಳಿ. ತಪ್ಪು ಪೆಟ್ಟಿಗೇದಾ, ಅವರ ಕಿವೀದಾ? ಕಿವೀದು ಅಂದ್ರೆ ನಾವೂ ಸುಮ್ಮನಾಗ್ತೀವಿ. ಅವರನ್ನ ಮತ್ತೆ ಮತ್ತೆ ಕೂರಿಸಿ ನೋಯಿಸೋದು ಬೇಡ."

ಶೆಡ್ಡಿನಲ್ಲಿ ಚೆನ್ನಾಗಿ ಹಾಡಿದ ಪೆಟ್ಟಿಗೆ. ನನ್ನ ಕೈ ಕೆಲಸದಲ್ಲಿ ಲೋಪವಿಲ್ಲ. ಕಿವಿಯದು ಎಂದು ಒಂದು ಮಾತು ಹೇಳಿದ್ದರೆ ನನ್ನ ಹೆಸರು ಉಳಿಯುತ್ತಿತ್ತು, ಆಕೆಯೂ ನಂಬುತ್ತಿದ್ದರು. ಆ ಮಾತು ಬಾಯಿಗೆ ಬಂದದ್ದು ನಿಜ. ಆದರೆ ಗುಂಯ್ ಅನ್ನುವುದು ನನಗೂ ಕೇಳಿಸಿತ್ತಲ್ಲ. "ನೋಡ್ತೀನಿ ಮೇಡಂ" ಎಂದಷ್ಟೇ ಹೇಳಿ ಇಳಿದುಬಂದೆ.

ಮಾರನೆಯ ದಿನ, ಹರಿದ ಸ್ಪೀಕರ್ ಕೋನುಗಳನ್ನು ಕಟ್ಟಿಕೊಡುವ ನನ್ನ ಹಳೆಯ ಗೆಳೆಯನ ಅಂಗಡಿಗೆ ಹೋದೆ. ಅವನು ತಮಿಳಿನವನು. ಕತೆಯೆಲ್ಲ ಕೇಳಿ, ಬ್ರಶ್ಶು ಕೆಳಗಿಡದೆ ಕೇಳಿದ, ನಿನ್ನ ಶೆಡ್ಡಿಗೆ ಎಷ್ಟು ಗೋಡೆ?

ಮೂರು. ನಾಲ್ಕನೆಯ ಕಡೆ ಪೂರ್ತಿ ಬಯಲು, ಎದುರಿಗೆ ಲಾರಿ ಓಡಾಡುವ ರಸ್ತೆ.

"ಅಪ್ಪುರಂ ಎನ್ನ?" ಎಂದ. ಮತ್ತಿನ್ನೇನು ಎಂದು.

ಶೆಡ್ಡಿನಲ್ಲಿ ದಪ್ಪ ನಾದ ಬಯಲಿಗೆ ಹೋಗಿಬಿಡುತ್ತದೆ. ಆ ಮನೆಯಲ್ಲಿ ಹೋಗಲು ದಾರಿಯಿಲ್ಲ. ಸುಣ್ಣದ ಗೋಡೆಯಿಂದ ಗೋಡೆಗೆ ಬಡಿದು ವಾಪಸು ಬರುತ್ತದೆ. ಆ ಕೋಣೆಯ ಅಗಲವೂ ಎತ್ತರವೂ ಹೆಚ್ಚುಕಡಿಮೆ ಒಂದೇ. ಹಾಗಿದ್ದರೆ ಅಡ್ಡಕ್ಕೂ ಮೇಲಕ್ಕೂ ಒಂದೇ ಸ್ವರ ಸೇರಿಕೊಂಡು ಊದುತ್ತದೆ. ಅದರ ಮೇಲೆ ನಾನು ಪೆಟ್ಟಿಗೆಯನ್ನು ಎರಡು ಗೋಡೆ ಮತ್ತು ನೆಲ ಸೇರುವ ಮೂಲೆಗೆ ನೂಕಿದ್ದೆ. ಮೂಲೆ ಎಂದರೆ ಕಹಳೆಯ ಬಾಯಿದ್ದ ಹಾಗೆ. ಸೋಫಾ, ಹಾಸಿಗೆ, ದಪ್ಪ ಪರದೆ ತುಂಬಿದ ಮನೆಗಳಲ್ಲಿ ನನ್ನ ಕನ್ನಿ ಮೂಲೆ ಹೇಗೋ ನಡೆದುಹೋಗಿತ್ತು. ಈ ಮನೆಯಲ್ಲಿ ಒಂದು ಕುರ್ಚಿ, ಒಂದು ಚಾಪೆ.

"ಹಾಗಾದ್ರೆ ಎಲ್ಲಿಡಬೇಕು?"

"ಮುಟ್ಟಿ ಪೋಟ್ಟು ತೇಡು, ಅಣ್ಣೇ" ಎಂದ. ಮಂಡಿಯೂರಿ ಹುಡುಕು.

ಆ ಪದ್ಧತಿ ನನಗೆ ಗೊತ್ತಿತ್ತು. ಕೇಳುವವರು ಕೂರುವ ಜಾಗದಲ್ಲಿ ಪೆಟ್ಟಿಗೆಯನ್ನಿಟ್ಟು, ಪೆಟ್ಟಿಗೆ ಇಡಬಹುದಾದ ಜಾಗಗಳಲ್ಲೆಲ್ಲ ನಾವು ಮಂಡಿಯ ಮೇಲೆ ಹರಿದಾಡಿ, ಪೆಟ್ಟಿಗೆಯಷ್ಟೇ ಎತ್ತರದಲ್ಲಿ ಕಿವಿಯಿಟ್ಟು ಕೇಳುವುದು. ಎಲ್ಲಿ ನಾದ ಸಮನಾಗಿ ಕೇಳುತ್ತದೋ ಅಲ್ಲಿ ಪೆಟ್ಟಿಗೆ. ಇಲ್ಲಿಂದ ಅಲ್ಲಿಗೆ ಸದ್ದು ಹೇಗೆ ಹೋಗುತ್ತದೋ ಅಲ್ಲಿಂದ ಇಲ್ಲಿಗೂ ಹಾಗೇ ಬರುತ್ತದೆ. ಒಂದು ಅಂಗಡಿಯಲ್ಲಿ ಟೈ ಕಟ್ಟಿದವನೊಬ್ಬ ಹೀಗೆ ಅಂಬೆಗಾಲಿಟ್ಟದ್ದನ್ನು ನೋಡಿ ನಾನೂ ಈ ಗೆಳೆಯನೂ ಹೊಟ್ಟೆ ಹಿಡಿದು ನಕ್ಕಿದ್ದೆವು. ನಿಂತು ಕೇಳಿ ಹೇಳಲಾಗದವನು ಕೆಲಸಗಾರನೇ ಅಲ್ಲ ಎಂದು ನಾನೇ ಹೇಳಿದ್ದೆ.

ಬೇರೊಂದು ಕಾರಣವೂ ಇತ್ತು, ಅದನ್ನು ಗೆಳೆಯನಿಗೂ ಹೇಳಿರಲಿಲ್ಲ. ಫೀಸು ತಡವಾಯಿತೆಂದು ಎಂಟನೇ ಕ್ಲಾಸಿನಲ್ಲಿ ನನ್ನನ್ನು ಅಂಗಳದಲ್ಲಿ, ಬಿಸಿಲಲ್ಲಿ, ಎಲ್ಲರಿಗೂ ಕಾಣುವಂತೆ ಮಂಡಿಯೂರಿಸಿದ್ದರು. ಅಲ್ಲಿಂದ ಎದ್ದವನು ಮನೆಗೆ ನಡೆದೆ, ಮತ್ತೆ ಹೋಗಲಿಲ್ಲ. ಇನ್ನೊಬ್ಬರ ಎದುರು ಮಂಡಿಯೂರುವುದಿಲ್ಲ ಎನ್ನುವುದು ನನ್ನೊಳಗೆ ಅವತ್ತು ಕೂತದ್ದು. ದೇವಸ್ಥಾನದಲ್ಲಿ ಕೂಡ ನಿಂತೇ ಕೈ ಮುಗಿಯುತ್ತೇನೆ.

ನಾಲ್ಕೈದು ದಿನ ಕಳೆದೆ. ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದೆ, ಕೈ ಓಡುತ್ತಿರಲಿಲ್ಲ. ಕೊಯಮತ್ತೂರಿನ ಶಿಷ್ಯ ಬಂದು ಮೃದಂಗ ಎತ್ತಿಕೊಂಡು ಹೋದರೆ ನನಗೇನು ನಷ್ಟ? ಪೆಟ್ಟಿಗೆ ವಾಪಸು ತಂದರೆ ಇನ್ನೊಬ್ಬರಿಗೆ ಕೊಟ್ಟೇನು. ಹೀಗೆಂದುಕೊಂಡಾಗೆಲ್ಲ ಅವರು ನಗುತ್ತ ಆಡಿದ ಮಾತು ನೆನಪಾಗುತ್ತಿತ್ತು: ನಿನ್ನ ಗಂಟಲು ನಂಗೆ ಕೇಳತ್ತಪ್ಪಾ. ನನ್ನ ದಪ್ಪ ಗಂಟಲಿನ ಒಂದೊಂದು ಮಾತನ್ನೂ, ಬಾಯಿ ನೋಡದೆ, ಗೋಡೆ ಕಡೆ ತಿರುಗಿಕೊಂಡೇ ಹಿಡಿಯುತ್ತಿದ್ದರು. ಹಾಗಾದರೆ ಕೆಳಗಿನ ಸ್ವರ ಆ ಕಿವಿಯಲ್ಲಿ ಹೋಗಿಲ್ಲ. ಹೋಗಿದೆಯೆಂದು ಅವರನ್ನು ನಂಬಿಸಿದ್ದು ನಾನಿಟ್ಟ ಪೆಟ್ಟಿಗೆ. ಇದು ಗೊತ್ತಿದ್ದೂ ಸುಮ್ಮನಿರುವುದು ನನ್ನಿಂದ ಆಗಲಿಲ್ಲ.

ಶನಿವಾರ ಬೆಳಿಗ್ಗೆ ಹೋದೆ. ಹಿರಿಯರ ಮಗ ರೈಲ್ವೆ ಡ್ಯೂಟಿಯ ಮೇಲೆ ಹೋಗಿ ಊರಲ್ಲಿರಲಿಲ್ಲ. ಮನೆಯಲ್ಲಿ ಹಿರಿಯರು, ಸೊಸೆ ಇಬ್ಬರೇ.

"ಸ್ವಾಮಿ, ಸ್ವಲ್ಪ ಎದ್ದು ಚಾಪೆ ಮೇಲೆ ಕೂತ್ಕೋಬೇಕು. ನಿಮ್ಮ ಕುರ್ಚಿ ಜಾಗ ಬೇಕು."

"ಯಾರಿಗೆ?"

"ಪೆಟ್ಟಿಗೆಗೆ."

"ಸರಿ ಪಾ. ನನಗಿಂತ ಅದಕ್ಕೇ ಮರ್ಯಾದೆ" ಎಂದು ಎದ್ದರು.

ಕುರ್ಚಿ ಸರಿಸಿ, ಎರಡು ಸ್ಟೂಲುಗಳ ಮೇಲೆ ಪೆಟ್ಟಿಗೆಯನ್ನು ಅವರ ಕಿವಿಯ ಮಟ್ಟಕ್ಕೆ ಇಟ್ಟೆ. ಫೋನಿನಲ್ಲಿ ಒಂದೇ ಸ್ವರ ಊದುವ ಆ್ಯಪ್ ಇದೆ. ತಗ್ಗಿನಿಂದ ಮೆಲ್ಲಗೆ ಏರಿಸುತ್ತ ಹೋದೆ. ಸೆಕೆಂಡಿಗೆ ಐವತ್ತು ಕಂಪನದ ಆಸುಪಾಸಿಗೆ ಬಂದಾಗ ಉದ್ಧರಣೆ ಗಿಲಗಿಲ ಅಂದಿತು, ಕಿಟಕಿಯ ಸರಳು ಝುಂ ಅಂದಿತು. ಕಳ್ಳ ಸಿಕ್ಕಿದ. ಅದೇ ಸ್ವರವನ್ನು ನಿಲ್ಲಿಸದೆ ಬಿಟ್ಟೆ.

ಆಮೇಲೆ ಲುಂಗಿ ಮೇಲೆ ಕಟ್ಟಿ ಮಂಡಿಯೂರಿದೆ.

ಕೆಂಪು ನೆಲ ತಣ್ಣಗಿತ್ತು. ಕನ್ನಿ ಮೂಲೆಯಿಂದ ಶುರು ಮಾಡಿದೆ. ಅಲ್ಲಿ ತಲೆಯೊಳಗೆ ಕಡಗೋಲು ತಿರುವಿದಂತಿತ್ತು. ಒಂದೊಂದು ಮೊಳ ಸರಿದು, ನಿಂತು, ಕಿವಿಯಿಟ್ಟು, ಸುಣ್ಣದ ಚೂರಿನಲ್ಲಿ ನೆಲಕ್ಕೆ ಗುರುತು ಹಾಕಿದೆ. ಸೊಸೆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಗಲಿಲ್ಲ. ನಗದಿದ್ದದ್ದೇ ನನಗೆ ಕಷ್ಟವಾಯಿತು. ಮುಖ ಬಿಸಿಯಾಗಿ, ಮಂಡಿ ಉರಿಯುತ್ತ, ಎದ್ದು ಹೋಗಿಬಿಡಲೇ ಅನ್ನಿಸಿತು.

ಹಿರಿಯರು ಚಾಪೆಯ ಮೇಲಿಂದ ಕೂಗಿದರು: "ಏನಯ್ಯಾ, ಹರಕೆ ಹೊತ್ತಿದ್ದೀಯಾ? ಪಾರ್ಥಸಾರಥಿ ಗುಡಿ ಪಕ್ಕದ ಬೀದೀಲಿದೆ. ಅಲ್ಲಿ ಮಾಡಿದ್ರೆ ಪುಣ್ಯಾನಾದ್ರೂ ಬರತ್ತೆ."

ನನಗೂ ನಗು ಬಂತು. ಆ ನಗುವಿನ ಜೊತೆ ಏನೋ ಸ್ವಲ್ಪ ಸಡಿಲವಾಯಿತು. "ಇಲ್ಲೇ ದೇವರು ಸಿಕ್ತಾನಾ ನೋಡ್ತೀನಿ ಸ್ವಾಮಿ" ಎಂದು ಮುಂದೆ ಹರಿದೆ.

ಎದುರು ಗೋಡೆಯ ಉದ್ದಕ್ಕೂ ಹೋಗುತ್ತಿದ್ದಾಗ, ದೇವರ ಕೋಣೆಯ ಬಾಗಿಲ ಪಕ್ಕದಲ್ಲಿ ಗುಂಯ್ ಇಳಿಯಿತು. ಒಂದು ಮೊಳ ಮುಂದೆ ಹೋದರೆ ಮತ್ತೆ ಏರಿತು, ಹಿಂದೆ ಬಂದರೆ ಇಳಿಯಿತು. ಸ್ವರ ಏರಿಸಿ ಇಳಿಸಿ ನೋಡಿದೆ. ಉಳಿದವೂ ಅಲ್ಲಿ ಹೆಚ್ಚುಕಡಿಮೆ ಒಂದೇ ಮಟ್ಟ. ಜಾಗ ಅದೇ. ಆದರೆ ಆ ಜಾಗದಲ್ಲಿ ಗವುಸು ಹಾಕಿದ ಮೃದಂಗವಿತ್ತು.

"ಇಲ್ಲೇನಾ?" ಎಂದರು ಸೊಸೆ. "ಈಶಾನ್ಯ ಅಲ್ವಾ ಅಣ್ಣಾ. ಭಾರದ್ದು ಇಡಬಾರದು ಅಂತ ನೀವೇ ಹೇಳಿದ್ರಿ."

ನಾನೇ ಹೇಳಿದ್ದು ಹೌದು. ಹಿರಿಯರಿಗೆ ಆಕೆಯ ಮಾತು ಕೇಳಿಸಿರಲಿಲ್ಲ, ನಮ್ಮಿಬ್ಬರ ಮುಖ ನೋಡಿಯೇ ತಿಳಿದುಕೊಂಡರು.

"ಇಡು ಪಾ ಅಲ್ಲೇ. ನಾಳೆ ಅದು ಹೋಗೋದು ತಾನೆ. ಜಾಗ ಖಾಲಿ."

ಮೃದಂಗವನ್ನು ಎತ್ತಿ ಅವರ ಚಾಪೆಯ ಪಕ್ಕ ಇಟ್ಟೆ. ನಾನು ನಿರೀಕ್ಷಿಸಿದ್ದಕ್ಕಿಂತ ಭಾರವಿತ್ತು. ಪೆಟ್ಟಿಗೆಯನ್ನು ದೇವರ ಬಾಗಿಲ ಪಕ್ಕಕ್ಕೆ ತಂದೆ. ಕುರ್ಚಿಯನ್ನು ಗೋಡೆಗೆ ಒತ್ತದೆ ಒಂದು ತೋಳಿನಷ್ಟು ಮುಂದಕ್ಕೆ ಹಾಕಿದೆ, ಗೋಡೆಯ ಬುಡದಲ್ಲಿ ಸದ್ದು ಇಮ್ಮಡಿಯಾಗುತ್ತದೆ. ಸೊಸೆ ಕೊಟ್ಟ ಎರಡು ಹತ್ತಿ ಹಾಸಿಗೆಗಳನ್ನು ಸುರುಳಿ ಸುತ್ತಿ ಕನ್ನಿ ಮೂಲೆಯಲ್ಲಿ ನಿಲ್ಲಿಸಿದೆ. ಮೂಲೆಯಲ್ಲಿ ಭಾರ ಇದ್ದೇ ಇದೆ ಎಂದು ಮನಸ್ಸಿಗೆ ಹೇಳಿಕೊಂಡೆ. ಜಾಗ ಬದಲಾದ ಮೇಲೆ ಫೇಸ್ ಸ್ವಿಚ್ಚನ್ನು ತಿರುಗಿಸಬೇಕಾಯಿತು. ಕ್ರಾಸ್‌ಓವರನ್ನು ಮತ್ತೆ ಹೊಂದಿಸಿ, ಸದ್ದನ್ನು ಸೊನ್ನೆಯಿಂದ ಏರಿಸುತ್ತ ಬಂದು, ಸಬ್ಬು ಇದೆಯೆಂದು ಬೇರೆಯಾಗಿ ಗೊತ್ತಾಗುವ ಮುಂಚೆಯೇ ನಿಲ್ಲಿಸಿದೆ. ಐವತ್ತರ ಕಳ್ಳ ಪೂರ್ತಿ ಹೋಗಿರಲಿಲ್ಲ. ಉದ್ಧರಣೆ ಈಗಲೂ ಒಮ್ಮೊಮ್ಮೆ ಪಿಸುಗುಡುತ್ತಿತ್ತು. ಆ ಕೋಣೆಯಲ್ಲಿ ನನ್ನ ಕೈಲಾಗುವುದು ಅಷ್ಟೇ ಎಂದು ನನಗೆ ಗೊತ್ತಾಯಿತು.

ಹಿರಿಯರು ಕುರ್ಚಿಗೆ ಬಂದರು. ಕೂರುವಾಗ ಕಣ್ಣಲ್ಲಿ ಆಸೆಯೇನೂ ಇರಲಿಲ್ಲ, ನನ್ನ ಮನಸ್ಸು ನೋಯಿಸಬಾರದೆಂದು ಕೂತರು. ಹಾಡು ಹಾಕಿದೆ.

ಅವರು ಕಣ್ಣು ಮುಚ್ಚಿದರು. ಆಮೇಲೆ ಎಡಗೈಯ ಬೆರಳುಗಳು ಕುರ್ಚಿಯ ಕೈ ಮೇಲೆ ಚಲಿಸತೊಡಗಿದವು. ಹಾಡು ಮುಗಿದು ಮೃದಂಗವೊಂದೇ ನುಡಿಯುವ ತನಿ ಶುರುವಾಯಿತು. ಬಹಳ ಹೊತ್ತು ನಡೆಯಿತು. ಒಮ್ಮೆಲೇ ಅವರ ಹುಬ್ಬು ಗಂಟಿಕ್ಕಿತು. ಮುಗಿಯಿತು, ಇದೂ ಹೋಯಿತು ಅಂದುಕೊಂಡೆ.

"ಹಿಂದಕ್ಕೆ ಹಾಕು" ಎಂದರು.

ಹಾಕಿದೆ. ಅದೇ ಜಾಗಕ್ಕೆ ಬಂದಾಗ ಮತ್ತೆ ಗಂಟಿಕ್ಕಿದರು. ಇನ್ನೊಂದು ಸಲ ಹಾಕಿಸಿದರು. ಆಮೇಲೆ ಕಣ್ಣು ತೆರೆದು ನನ್ನನ್ನು ನೋಡಿದರು.

"ಒಣಗಿದೆ."

"ಏನು ಸ್ವಾಮಿ?"

"ರವೆ. ತನಿ ನಡುವೇನೇ ರವೆ ಒಣಗಿದೆ, ನಾನು ನೀರು ಮುಟ್ಟಿಸಿಲ್ಲ. ಸಭೆಯವರು ಕೈ ತಟ್ಟಿದ್ರು, ನಂಗೂ ಗೊತ್ತಾಗ್ಲಿಲ್ಲ ಅವತ್ತು. ಇಷ್ಟು ವರ್ಷ ಇದೇ ನನ್ನ ಒಳ್ಳೇ ಕಛೇರಿ ಅಂದ್ಕೊಂಡಿದ್ದೆ." ಬೈದುಕೊಳ್ಳುವ ಹಾಗೆ ಹೇಳಿದರು. "ನಿಂಗೆ ಕೇಳ್ತಾ? ಆಮೇಲಾಮೇಲೆ ತೊಪ್ಪಿ ಬಿಗೀತಾ ಹೋಗತ್ತೆ ನೋಡು."

ಕೇಳಿತು ಅನ್ನಬಹುದಿತ್ತು. ತಿರುಗಿ ಹಾಕಿ ಕೇಳಿದೆ, ಮಂಡಿಯೂರಿ ಪೆಟ್ಟಿಗೆಗೆ ಕಿವಿ ಕೊಟ್ಟು ಕೇಳಿದೆ. ನನಗೆ ಮೊದಲಿನ ಪೆಟ್ಟೂ ಕೊನೆಯ ಪೆಟ್ಟೂ ಒಂದೇ ಥರ ಇದ್ದವು.

"ಇಲ್ಲ ಸ್ವಾಮಿ. ನಂಗೆ ಕೇಳ್ತಿಲ್ಲ."

ಅವರು ಸೊಸೆಯ ಕಡೆ ತಿರುಗಿದರು.

"ಮನೇಲಿ ರವೆ ಇದೆಯೇನಮ್ಮಾ? ಸಣ್ಣ ರವೆ. ಉಪ್ಪಿಟ್ಟಿಂದು ಬೇಡ."

ಆಕೆ ಬಟ್ಟಲಲ್ಲಿ ತಂದರು. ಹಿರಿಯರು ಚಾಪೆಯ ಮೇಲೆ ಕೂತು, ಗವುಸು ಬಿಚ್ಚಿ, ರವೆಯನ್ನು ಅಂಗೈಯಲ್ಲೇ ನಾದಿದರು. ಒಂದಿಷ್ಟು ನೆಲಕ್ಕೆ ಉದುರಿತು. ಎಡ ಮುಖಕ್ಕೆ ಅಂಟಿಸಿ, ಒತ್ತಿ, ಒಂದು ಪೆಟ್ಟು ಹಾಕಿದರು. ಬೆರಳು ಹೇಳಿದಂತೆ ಕೇಳಲಿಲ್ಲ. ಇನ್ನೊಂದು ಹಾಕಿದರು.

"ನಾಳೆ ಅವನು ಬರ್ತಾನಲ್ಲ ಮಾವ" ಎಂದರು ಸೊಸೆ. ಅವರಿಗೆ ಕೇಳಿಸಲಿಲ್ಲ. ನಾನು ಅದನ್ನೇ ನನ್ನ ದಪ್ಪ ಗಂಟಲಿನಲ್ಲಿ ಹೇಳಿದೆ.

"ಬರಲಿ" ಎಂದರು, ತಲೆಯೆತ್ತದೆ. "ತಗೊಂಡು ಹೋಗೋಕೆ ಬೇಡ. ಇಲ್ಲಿ ಕೂತು ಬಾರಿಸಲಿ. ಅವನೂ ನೀರು ಮುಟ್ಟಿಸೋದು ಮರೀತಾನೆ, ನಂಗೆ ಗೊತ್ತು. ನಾನು ಕೇಳ್ತೀನಿ."

ಅವತ್ತು ಹೊರಡುವಾಗ ಆ ಕಛೇರಿಯನ್ನು ನನ್ನ ಫೋನಿಗೂ ಹಾಕಿಸಿಕೊಂಡೆ. ಶೆಡ್ಡಿನಲ್ಲಿ ಕೆಲಸ ಮುಗಿದ ಮೇಲೆ, ಲಾರಿಗಳ ಸದ್ದು ಕಡಿಮೆಯಿರುವ ಹೊತ್ತು ನೋಡಿ ತನಿಯನ್ನು ಹಾಕಿಕೊಂಡು ಕೂರುತ್ತೇನೆ. ಇಷ್ಟು ವರ್ಷ ಕಿವಿಯಿಂದಲೇ ಅನ್ನ ತಿಂದವನು. ರವೆ ಎಲ್ಲಿ ಒಣಗಿತೆಂದು ನನಗೆ ಇನ್ನೂ ಸಿಕ್ಕಿಲ್ಲ.